ಎರಡನೆಯ ಸಲ ಕೇಳದವರು

ಹಿಮದಲ್ಲಿ ಜಾರುವ ಸ್ಕೀ ಹಲಗೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಎಲ್ಲರ ಪಾದದ ಅಳತೆ ತೆಗೆದರು, ನೀಲಾವತಿಯದೊಂದನ್ನು ಬಿಟ್ಟು. ಮೊದಲು ಮಗ ವಿಖ್ಯಾತ್, ಆಮೇಲೆ ಸೊಸೆ ಚರಿಷ್ಮಾ, ಆಮೇಲೆ ಹತ್ತು ವರ್ಷದ ಮೊಮ್ಮಗಳು ಸ್ವಸ್ತಿಕಾ. ಅಷ್ಟಕ್ಕೇ ಮುಗಿದಿದ್ದರೆ ನೀಲಾವತಿ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ನಾಲ್ಕನೆಯವರಾಗಿ ಬೆಂಚಿನ ಮೇಲೆ ಕೂತು ಕಾಲು ಚಾಚಿದವರು ಅವಳ ಗಂಡ ಭುಜಂಗರು. ವಯಸ್ಸು ಅರುವತ್ತೆಂಟು. ಎಡ ಮೊಣಕಾಲಿಗೆ ಆಪರೇಷನ್ ಆಗಿದೆ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಮನೆಯಲ್ಲಿ ಮಹಡಿ ಹತ್ತಬೇಕಾದರೆ ಪ್ರತಿ ಮೆಟ್ಟಿಲಿಗೂ ಒಮ್ಮೆ "ಅಮ್ಮಾ" ಎನ್ನುವ ಮನುಷ್ಯ. ಅಂಗಡಿಯವನು ಅವರ ತಲೆಗೆ ಕೆಂಪು ಹೆಲ್ಮೆಟ್ ಇಟ್ಟು, ಗಲ್ಲದ ಕೆಳಗೆ ಪಟ್ಟಿ ಬಿಗಿದು, "ಪರ್ಫೆಕ್ಟ್" ಎಂದ. ಭುಜಂಗರು ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಕೊಂಡರು.

"ಆಂಡ್ ದ ಲೇಡಿ?" ಎಂದು ಅಂಗಡಿಯವನು ಬಾಗಿಲ ಕಡೆ ಕೈ ತೋರಿಸಿದ. ಅಲ್ಲಿ ನೀಲಾವತಿ ಮೂರು ವರ್ಷದ ಮೊಮ್ಮಗ ಕುಶಲನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು.

"ಓ ನೋ, ಮಮ್ ಈಸ್ ನಾಟ್ ಸ್ಕೀಯಿಂಗ್," ಎಂದ ವಿಖ್ಯಾತ್. "ಶಿ ಡಿಡಂಟ್ ವಾಂಟ್ ಟು."

ನೀಲಾವತಿಯ ಮೈಯೆಲ್ಲ ಉರಿದುಹೋಯಿತು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿತ್ತು, ಆದರೂ ಅವಳ ಕಿವಿ ಬಿಸಿಯಾಗಿತ್ತು. ಇವಳಿಗೆ ಬೇಡವಿತ್ತಂತೆ! ಹಾಗೆಂದು ಯಾರು ಹೇಳಿದರು? ಅವಳೇ ಹೇಳಿದಳು, ನಿಜ. ಆದರೆ ಬೇಡ ಎಂದರೆ ಬೇಡವೆಂದೇ ಅರ್ಥ ಮಾಡುವುದು ಯಾವ ಊರಿನ ನ್ಯಾಯ?

ಇದನ್ನು ಕೇಳಿ ನಗುವವರು ನಗಲಿ. ನೀಲಾವತಿ ಹುಟ್ಟಿ ಬೆಳೆದದ್ದು ಉಡುಪಿ ಹತ್ತಿರದ ಕಟಪಾಡಿಯಲ್ಲಿ. ಅಲ್ಲಿ ನೆಂಟರ ಮನೆಗೆ ಹೋದಾಗ ಚಹಾ ಕುಡಿಯುತ್ತೀರಾ ಎಂದು ಕೇಳಿದರೆ ಮೊದಲ ಉತ್ತರ ತುಳುವಿನಲ್ಲಾದರೆ ಬೊಡ್ಚಿ, ಕನ್ನಡದಲ್ಲಾದರೆ ಬೇಡ. ಕೇಳಿದವರಿಗೂ ಅದು ಗೊತ್ತು. ಅವರು ಮತ್ತೆ ಕೇಳುತ್ತಾರೆ, ಬಂದವರು ಮತ್ತೆ ಬೇಡ ಎನ್ನುತ್ತಾರೆ, ಅಷ್ಟರಲ್ಲಿ ಒಳಗೆ ಒಲೆಯ ಮೇಲೆ ನೀರು ಕುದಿಯುತ್ತಿರುತ್ತದೆ. ಮದುವೆ ಊಟದಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವರಿಗೇ ಪಾಯಸ ಜಾಸ್ತಿ ಬೀಳುವುದು. ಕೇಳಿದ ಕೂಡಲೆ ಹ್ಞೂ ಎನ್ನುವವರನ್ನು ಆಸೆಬುರುಕರು ಎನ್ನುತ್ತಿದ್ದರು. ಹೆಣ್ಣುಮಗಳಾದರೆ ಆ ಮಾತು ಅವಳ ಹಿಂದೆಯೇ ಗಂಡನ ಮನೆಯವರೆಗೆ ಬರುತ್ತಿತ್ತು. ಒಂದೇ ಸಲ ಕೇಳಿ ಬಿಟ್ಟುಬಿಡುವುದೆಂದರೆ ಕೇಳದೆ ಇರುವುದಕ್ಕಿಂತ ಕಡೆ.

ಮದುವೆಯಾಗಿ ವುಲ್ವರ್‌ಹ್ಯಾಂಪ್ಟನ್ನಿಗೆ ಬಂದ ಮೇಲೆ ನೀಲಾವತಿ ಊರಿನ ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ರಿಸೆಪ್ಷನಿಸ್ಟ್ ಆಗಿ ಸೇರಿದಳು. ಮೊದಲ ದಿನ ಪಕ್ಕದ ಕುರ್ಚಿಯ ಹೆಂಗಸು "ಕಪ್ ಆಫ್ ಟೀ, ಲವ್?" ಎಂದು ಕೇಳಿದಳು. "ನೋ, ನೋ," ಎಂದು ನೀಲಾವತಿ ಸಂಕೋಚದಿಂದ ನಕ್ಕಳು. ಆ ಹೆಂಗಸು "ರೈಟ್ ಯು ಆರ್" ಎಂದು ತನಗೊಬ್ಬಳಿಗೇ ಮಾಡಿಕೊಂಡು ಬಂದಳು. ಎರಡು ದಿನ ಹಾಗೆಯೇ ಆಯಿತು. ಮೂರನೆಯ ದಿನ ನೀಲಾವತಿ "ಯೆಸ್ ಪ್ಲೀಸ್" ಎನ್ನುವುದನ್ನು ಕಲಿತಳು. ಆದರೆ ಕಲಿತದ್ದು ಚಹಾದ ಮಟ್ಟಿಗೆ. ಅದಕ್ಕಿಂತ ದೊಡ್ಡದು ಯಾವುದಕ್ಕೂ ಆ ಮಾತು ಬಾಯಿಗೆ ಬರಲಿಲ್ಲ. ಸೂಪರ್‌ವೈಸರ್ ಹುದ್ದೆಗೆ ಅರ್ಜಿ ಹಾಕುತ್ತೀಯಾ ಎಂದು ಮ್ಯಾನೇಜರ್ ಕೇಳಿದಾಗ "ಓ ನೋ, ನಾಟ್ ಮಿ" ಎಂದಳು. ಎರಡನೆಯ ಸಲ ಕೇಳುತ್ತಾರೆ ಎಂದು ವಾರವೆಲ್ಲ ಕಾದಳು. ಆ ಕುರ್ಚಿಗೆ ಬೇರೆಯವಳು ಬಂದಳು. ಇವಳಿಂದಲೇ ಕೆಲಸ ಕಲಿತವಳು ಇವಳಿಗೇ ಪಾಳಿಯ ಪಟ್ಟಿ ಬರೆದುಕೊಡತೊಡಗಿದಳು.

ಅದು ಇಂಗ್ಲಿಷರ ವಿಷಯ, ಹೋಗಲಿ ಎನ್ನೋಣ. ಮನೆಯವರ ಕಥೆಯೇನು? ತಮ್ಮ ಕೆಮಿಸ್ಟ್ ಅಂಗಡಿ ಚೆನ್ನಾಗಿ ನಡೆಯತೊಡಗಿದ ಕಾಲಕ್ಕೆ ಭುಜಂಗರು ಎರಡನೆಯ ಕಾರು ಕೊಳ್ಳುವ ಮಾತೆತ್ತಿ, "ನೀನೂ ಡ್ರೈವಿಂಗ್ ಕಲೀತಿಯಾ?" ಎಂದು ಕೇಳಿದ್ದರು. "ಅಯ್ಯೋ, ನಂಗೆಂತಕ್ಕೆ?" ಎಂದಳು ಇವಳು. ಭುಜಂಗರು ತಲೆಯಾಡಿಸಿ ಪೇಪರಿಗೆ ಮರಳಿದರು. ಅವರೂ ಕಟಪಾಡಿಯ ಹತ್ತಿರದ ಕಾಪುವಿನಲ್ಲಿ ಹುಟ್ಟಿದವರೇ, ಊಟಕ್ಕೆ ಕೂತರೆ ಅವರಿಗೂ ಮೂರು ಸಲ ಒತ್ತಾಯ ಬೇಕು. ತಟ್ಟೆಯ ವಿಷಯದಲ್ಲಿ ಗೊತ್ತಿರುವ ಭಾಷೆ ಕಾರಿನ ವಿಷಯದಲ್ಲಿ ಮರೆತುಹೋಗುತ್ತದೆಯೆ? ರಿಟೈರ್ ಆಗುವ ದಿನದವರೆಗೂ ನೀಲಾವತಿ ಮಳೆಯಲ್ಲಿ ಬಸ್ಸಿಗೆ ಕಾದಳು.

ಈ ಸ್ಕೀ ರಜೆಯ ಸಂಗತಿಯೂ ಹಾಗೆಯೇ ಆಯಿತು. ವಿಖ್ಯಾತ್ ಸೊಲಿಹಲ್‌ನ ಕಾರಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಒಂದು ಭಾನುವಾರ ಅವನ ಮನೆಯಲ್ಲಿ ಊಟ ಮುಗಿದ ಮೇಲೆ ಲ್ಯಾಪ್‌ಟಾಪ್ ತೆರೆದು, ಫೆಬ್ರವರಿಯ ಹಾಫ್ ಟರ್ಮ್ ಶಾಲಾರಜೆಗೆ ಎಲ್ಲರೂ ಆಸ್ಟ್ರಿಯಾಕ್ಕೆ ಹೋಗೋಣ ಎಂದ. ಬೆಟ್ಟದ ಮೇಲೊಂದು ಸರೋವರ, ಅದರ ದಡದಲ್ಲಿ ಬಾಡಿಗೆಮನೆ, ಮನೆಯೆದುರೇ ಸ್ಕೀ ಇಳಿಜಾರು. ಚಿತ್ರದಲ್ಲಿ ನೀಲಾವತಿಯ ವಯಸ್ಸಿನ ಒಬ್ಬಳು ಹೆಂಗಸು ಎರಡು ಹಲಗೆಗಳ ಮೇಲೆ ನಿಂತು ಬೆಟ್ಟದಿಂದ ಇಳಿದುಬರುತ್ತಿದ್ದಳು. ನರೆತ ಕೂದಲು ಟೋಪಿಯಿಂದ ಹೊರಗೆ ಹಾರುತ್ತಿತ್ತು. ನೀಲಾವತಿ ಆ ಚಿತ್ರವನ್ನು ಎಷ್ಟು ಹೊತ್ತು ನೋಡಿದಳೆಂದರೆ ಸ್ವಸ್ತಿಕಾ, "ಅಜ್ಜಿ, ಕ್ಯಾನ್ ಐ ಸ್ಕ್ರೋಲ್?" ಎಂದು ಕೇಳಬೇಕಾಯಿತು.

"ಪಪ್ಪ, ನಿಮ್ಗೆ ಲೆಸನ್ ಬುಕ್ ಮಾಡ್ಲಾ?" ಎಂದ ವಿಖ್ಯಾತ್.

"ಮಾಡು, ಮಾಡು," ಎಂದರು ಭುಜಂಗರು. ಇಷ್ಟು ವರ್ಷದಲ್ಲಿ ಮೊದಲ ಸಲಕ್ಕೇ ಅವರು ಹ್ಞೂ ಎಂದದ್ದು ಅವತ್ತೇ ಇರಬೇಕು.

"ಅಮ್ಮ, ನಿಂಗೆ?"

"ಅಯ್ಯೋ, ಬೇಡ ಮಾರಾಯ. ಈ ಪ್ರಾಯದಲ್ಲಿ ನಂಗೆಂತಕ್ಕೆ ಅದೆಲ್ಲ?"

ಹೇಳಿ ನೀಲಾವತಿ ಕಾದಳು. ಬಾ ಅಮ್ಮ, ಪ್ರಾಯಕ್ಕೆಂತ ಆಗಿದೆ ಎಂದು ಒಂದು ಮಾತು ಬಂದರೆ ಸಾಕಿತ್ತು. ಇನ್ನೊಮ್ಮೆ ಬೇಡ ಎಂದು, ಆಮೇಲೆ "ಆಯ್ತಪ್ಪ, ನೀವೆಲ್ಲ ಅಷ್ಟು ಹೇಳುದಾದ್ರೆ" ಎನ್ನುವುದಕ್ಕೆ ಅವಳು ತಯಾರಾಗಿ ಕೂತಿದ್ದಳು. ವಿಖ್ಯಾತ್ "ಓಕೆ" ಎಂದು ಟೈಪ್ ಮಾಡಿಕೊಂಡು ಹೋದ. ಚರಿಷ್ಮಾ ತಲೆಯೆತ್ತಿ ಒಮ್ಮೆ ಅತ್ತೆಯ ಮುಖ ನೋಡಿದಳು, ಏನೂ ಹೇಳದೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆದರೂ ಫೆಬ್ರವರಿಯವರೆಗೆ ನಾಲ್ಕು ತಿಂಗಳಿದೆ, ಯಾರಾದರೂ ಮತ್ತೆ ಕೇಳಿಯೇ ಕೇಳುತ್ತಾರೆ ಎಂದು ನೀಲಾವತಿ ನಂಬಿದ್ದಳು. ಬೆಳಿಗ್ಗೆ ಪಾರ್ಕಿನಲ್ಲಿ ಹಾಕುತ್ತಿದ್ದ ಸುತ್ತುಗಳನ್ನು ಹೆಚ್ಚಿಸಿದಳು. ಫೋನಿನಲ್ಲಿ ಸ್ಕೀ ಕಲಿಸುವ ವಿಡಿಯೋಗಳನ್ನು ನೋಡಿ, ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಮೊಣಕಾಲು ಬಗ್ಗಿಸಿ ನಿಲ್ಲುವುದನ್ನು ಅಭ್ಯಾಸ ಮಾಡಿದಳು. ಸೇಲ್‌ನಲ್ಲಿ ಒಂದು ನೀಲಿ ಸ್ಕೀ ಪ್ಯಾಂಟ್ ಕೊಂಡು, ಕುಚ್ಚಲಕ್ಕಿಯ ಚೀಲದ ಅಡಿಯಲ್ಲಿ ಪೆಟ್ಟಿಗೆಗೆ ಸೇರಿಸಿದಳು. ಕುಚ್ಚಲಕ್ಕಿ, ಕುಕ್ಕರ್, ಸಾರಿನ ಪುಡಿ ತರುವುದನ್ನು ಮಾತ್ರ ಚರಿಷ್ಮಾ ಎರಡಲ್ಲ, ನಾಲ್ಕು ಸಲ ಫೋನ್ ಮಾಡಿ ನೆನಪಿಸಿದ್ದಳು.

ಈಗ ನೋಡಿದರೆ ಇದು ಪರಿಸ್ಥಿತಿ. ಎಲ್ಲರೂ ಹಲಗೆ ಹೊತ್ತುಕೊಂಡು ಹೊರಟರು, ನೀಲಾವತಿ ಕುಶಲನ ಜೊತೆ ಬಾಡಿಗೆಮನೆಯಲ್ಲಿ ಉಳಿದಳು. ಸ್ಕೀ ಶಾಲೆಯಲ್ಲಿ ನಾಲ್ಕು ವರ್ಷಕ್ಕಿಂತ ಚಿಕ್ಕವರನ್ನು ಸೇರಿಸುವುದಿಲ್ಲವಂತೆ. ಅಡುಗೆಮನೆಯ ಕಿಟಕಿಯಿಂದ ಇಡೀ ಇಳಿಜಾರು ಕಾಣುತ್ತಿತ್ತು. ಸರೋವರ ಅಂಚಿನಿಂದ ನಡುವಿನವರೆಗೂ ಹೆಪ್ಪುಗಟ್ಟಿ, ಅದರ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ವುಲ್ವರ್‌ಹ್ಯಾಂಪ್ಟನ್ನಿನ ಅಡುಗೆಮನೆಯಲ್ಲಿ ಮಾಡುವ ಸಾರನ್ನೇ ಇಲ್ಲಿಯೂ ಮಾಡುತ್ತಾ ನೀಲಾವತಿ ಒಗ್ಗರಣೆಗೆ ಒಣಮೆಣಸು ಮುರಿದು ಹಾಕಿದಳು, ಬೇಕಾದದ್ದಕ್ಕಿಂತ ಜಾಸ್ತಿಯೇ. ಸಿಟ್ಟು ಬಂದ ದಿನ ಅವಳ ಸಾರು ಖಾರ ಎನ್ನುವುದು ಮನೆಯವರೆಲ್ಲರಿಗೂ ಗೊತ್ತು.

ಸಂಜೆ ಅವರು ಕೆಂಪು ಮೂಗು ಹೊತ್ತುಕೊಂಡು ಬಂದರು. ಸಾರು ಖಾರವೆಂದು ಯಾರೂ ಗಮನಿಸಲಿಲ್ಲ, ಅಷ್ಟು ಹಸಿದಿದ್ದರು. ಭುಜಂಗರಂತೂ ಊಟದುದ್ದಕ್ಕೂ ಪಾಠ ಮಾಡಿದರು. ಹಲಗೆಗಳ ಮೂತಿಯನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಿದರೆ ನಿಲ್ಲುತ್ತದಂತೆ, ಮೈಯ ಭಾರ ಮುಂದಕ್ಕಿರಬೇಕಂತೆ. ನೀಲಾವತಿ ಇದನ್ನೆಲ್ಲ ವಿಡಿಯೋದಲ್ಲಿ ನೋಡಿ ಎಂದೋ ಅರೆದು ಕುಡಿದಿದ್ದಳು. ಎದ್ದು ಹೋಗಿ ಪಾತ್ರೆ ತೊಳೆದಳು.

ಮರುದಿನ ಅವಳು ನೀಲಿ ಪ್ಯಾಂಟ್ ಹಾಕಿಕೊಂಡು, ಕುಶಲನನ್ನು ಪ್ಲಾಸ್ಟಿಕ್ಕಿನ ಜಾರುಗಾಡಿಯಲ್ಲಿ ಕೂರಿಸಿ, ಅದರ ಹಗ್ಗ ಎಳೆದುಕೊಂಡು ಇಳಿಜಾರಿನ ಬುಡಕ್ಕೆ ಹೋದಳು. ಅಲ್ಲಿ ಹೊಸಬರಿಗೆ ಪಾಠ ನಡೆಯುತ್ತಿತ್ತು. ಲೇನಾ ಎಂಬ ಹೆಸರಿನ ಹಳದಿ ಜಾಕೆಟ್ಟಿನ ಹುಡುಗಿ ಟೀಚರ್. ಎದುರಿಗೆ ಭುಜಂಗರು. ಅವರು ಹಲಗೆಗಳ ಮೂತಿ ಹತ್ತಿರ ತಂದರು, ಹಿಂಬದಿ ಅಗಲಿಸಿದರು, ನಿಲ್ಲದೆ ನಿಧಾನವಾಗಿ ಹೋಗಿ ಬೇಲಿಯ ಬಲೆಗೆ ಒರಗಿಕೊಂಡರು. ಲೇನಾ ಎಳೆದು ನಿಲ್ಲಿಸಿದಳು. ಮತ್ತೆ ಹೋಗಿ ಅದೇ ಬಲೆಗೆ ಒರಗಿದರು. ಎಡ ಮೊಣಕಾಲನ್ನು ಯಾರಿಗೂ ಕಾಣದ ಹಾಗೆ ಉಜ್ಜಿಕೊಂಡದ್ದನ್ನು ನೀಲಾವತಿ ಕಂಡಳು. ಅವಳಿಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ಈ ಮೊಣಕಾಲು ಬೆಟ್ಟ ಹತ್ತಬಹುದು, ದಿನಾ ಪಾರ್ಕು ಸುತ್ತುವ ತನ್ನ ಎರಡು ಗಟ್ಟಿ ಕಾಲುಗಳಿಗೆ ಮಾತ್ರ ಜಾರುಗಾಡಿಯ ಹಗ್ಗವೆ?

ಪಾಠದ ನಡುವೆ ಬಿಡುವು ಸಿಕ್ಕಾಗ ಲೇನಾ ಅವಳ ಹತ್ತಿರ ಬಂದಳು. ನೀಲಿ ಪ್ಯಾಂಟನ್ನು ನೋಡಿಯೋ ಏನೋ, ನಗುತ್ತಾ ಕೇಳಿದಳು: "ಯು ವಾಂಟ್ ಟು ಟ್ರೈ? ಟುಮಾರೋ ಐ ಹ್ಯಾವ್ ಒನ್ ಪ್ಲೇಸ್."

ಬಲೆಯ ಹತ್ತಿರದಿಂದ ಭುಜಂಗರು ನೋಡುತ್ತಿದ್ದರು. ಗಂಡನ ಕಣ್ಣೆದುರು ನೀಲಾವತಿ ಒಂದೇ ಕ್ಷಣದಲ್ಲಿ ಕಟಪಾಡಿಯ ಮನೆಯ ಜಗಲಿಗೆ ಮರಳಿದಳು.

"ಓ ನೋ, ನೋ," ಎಂದಳು. "ನಾಟ್ ಮಿ."

"ಓಕೆ!" ಎಂದು ಲೇನಾ ತಿರುಗಿ ಹೊರಟಳು.

ಹೋಯಿತು. ಇದೂ ಹೋಯಿತು. ಲೇನಾಳ ಬೆನ್ನು ನೋಡುತ್ತಾ ನಿಂತ ನೀಲಾವತಿಗೆ ಈ ಸಲ ಬೈಯಲು ಯಾರೂ ಸಿಗಲಿಲ್ಲ. ಆಸ್ಟ್ರಿಯಾದ ಈ ಹುಡುಗಿಗೆ ಕಟಪಾಡಿಯ ಉಪಚಾರ ಎಲ್ಲಿಂದ ಗೊತ್ತಿರಬೇಕು? ಆದರೆ ಸಿಟ್ಟು ಕಡಿಮೆಯಾಗಲಿಲ್ಲ. ಅದು ಆ ಮಾತಿನ ಮೇಲೆಯೇ ತಿರುಗಿತು. ಹಾಳು 'ಬೇಡ'! ಕಾರು ತಿಂದದ್ದು ಸಾಲದೆ, ಕುರ್ಚಿ ತಿಂದದ್ದು ಸಾಲದೆ, ಈಗ ಬೆಟ್ಟವನ್ನೂ ತಿನ್ನಬೇಕೆ? ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡು, ಕುಶಲನ ಸಮೇತ ಜಾರುಗಾಡಿಯನ್ನು ದರದರ ಎಳೆಯುತ್ತಾ ಲೇನಾಳ ಹಿಂದೆ ಓಡಿದಳು. ಕುಶಲ ಖುಷಿಯಿಂದ ಕೇಕೆ ಹಾಕಿದ.

"ಆಸ್ಕ್ ಮಿ ಅಗೇನ್," ಎಂದಳು ಏದುಸಿರು ಬಿಡುತ್ತಾ.

"ಸಾರಿ?"

"ಯು ಆಸ್ಕ್ಡ್ ಮಿ ಸಮ್‌ಥಿಂಗ್. ಪ್ಲೀಸ್ ಆಸ್ಕ್ ಮಿ ಅಗೇನ್."

ಲೇನಾ ಹುಬ್ಬೇರಿಸಿದಳು. ಮುದುಕಿಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡಳೋ ಏನೋ, ಈ ಸಲ ಜೋರಾಗಿ ಬಿಡಿಸಿ ಬಿಡಿಸಿ ಕೇಳಿದಳು: "ಡು ಯು ವಾಂಟ್ ಟು ಟ್ರೈ?"

"ಯೆಸ್," ಎಂದಳು ನೀಲಾವತಿ.

ನಾಳೆ ಬೆಳಿಗ್ಗೆ ಹತ್ತಕ್ಕೆ ಎಂದು ಗೊತ್ತಾಯಿತು. ತನ್ನದೇ ಕಾರ್ಡಿನಿಂದ ದುಡ್ಡು ಕಟ್ಟಿ ನೀಲಾವತಿ ಮನೆಗೆ ಬಂದಳು. ಸಂಜೆಯವರೆಗೆ ಯಾರಿಗೂ ಹೇಳಲಿಲ್ಲ. ಭುಜಂಗರು ದೂರದಿಂದ ನೋಡಿದ್ದರೂ, ಅವಳು ಪಾಠ ಮುಗಿಯುವ ಹೊತ್ತು ಕೇಳುತ್ತಿದ್ದಾಳೆ ಎಂದುಕೊಂಡಿದ್ದರು.

ಊಟಕ್ಕೆ ಕೂತಾಗ ಚರಿಷ್ಮಾಳೇ ಮಾತು ತೆಗೆದಳು. "ಅತ್ತೆ, ನಾಳೆ ನಾವು ನಾಲ್ಕೂ ಜನ ಲಿಫ್ಟಲ್ಲಿ ಮೇಲಿನ ಗುಡ್ಡಕ್ಕೆ ಹೋಗುದು. ಸ್ವಲ್ಪ ಬೇಗ ಹೊರಡ್ತೇವೆ ಆಯ್ತಾ? ಕುಶಲನಿಗೆ ಮಧ್ಯಾಹ್ನಕ್ಕೆ ಮೊಸರನ್ನ ಸಾಕು."

"ನಾಳೆ ನಂಗೆ ಆಗುದಿಲ್ಲ," ಎಂದಳು ನೀಲಾವತಿ. "ಹತ್ತು ಗಂಟೆಗೆ ನಂಗೆ ಸ್ಕೀ ಪಾಠ ಉಂಟು."

ಮೊದಲು ಬಾಯಿಬಿಟ್ಟವಳು ಸ್ವಸ್ತಿಕಾ. "ಬಟ್ ಅಜ್ಜಿ, ಯು ಸೆಡ್ ನೋ!"

"ಹೌದಲ್ವಾ ಅಮ್ಮ, ನಾನು ಕೇಳಿದ್ದೆ," ಎಂದ ವಿಖ್ಯಾತ್. "ನೀನೇ ಬೇಡ ಅಂದದ್ದು."

"ಒಂದು ಸಲ ಕೇಳಿದ್ದಿ." ನೀಲಾವತಿ ಸಾರಿನ ಸೌಟನ್ನು ಪಾತ್ರೆಗೆ ಹಾಕಿದಳು. "ಒಂದೇ ಒಂದು ಸಲ. ಅದೂ ಆ ಲ್ಯಾಪ್‌ಟಾಪ್ ನೋಡಿಕೊಂಡು. ಅಂಗಡಿಯವನು ಗಿರಾಕಿಗೆ ಕವರ್ ಬೇಕಾ ಅಂತ ಕೇಳಿದ ಹಾಗೆ. ನಾನು ಹೆತ್ತ ಅಮ್ಮ ಅಲ್ವಾ? ಎರಡನೇ ಸಲ ಕೇಳಿದ್ರೆ ನಿನ್ನ ಗಂಟೆಂತ ಹೋಗ್ತಿತ್ತು? ನೀನು ಚಿಕ್ಕವನಿರುವಾಗ ದೋಸೆ ಬೇಡ ಅಂದ್ರೆ ನಾನು ಬಿಡ್ತಿದ್ದೆನಾ? ತಟ್ಟೆ ಹಿಡ್ಕೊಂಡು ಮನೆಯಿಡೀ ನಿನ್ನ ಹಿಂದೆ ಓಡಿದವಳು ನಾನು."

"ಅಮ್ಮ, ಐ ಡಿಡಂಟ್ ನೋ. ಬೇಡ ಅಂದ್ರೆ ಬೇಡ ಅಂತ ತಿಳ್ಕೊಂಡೆ."

ಅವನು ಸುಳ್ಳು ಹೇಳುತ್ತಿಲ್ಲ ಎಂದು ನೀಲಾವತಿಗೆ ಗೊತ್ತಾಯಿತು. ಇಂಗ್ಲೆಂಡಿನಲ್ಲಿ ಹುಟ್ಟಿದವನು, ಅಲ್ಲಿಯ ಶಾಲೆಯಲ್ಲಿ ಓದಿದವನು. ಅವಳು ಸೊಸೆಯ ಕಡೆ ತಿರುಗಿದಳು.

"ಅವನಿಗೆ ಗೊತ್ತಿಲ್ಲ, ಒಪ್ಪಿದೆ. ನೀನು ಸುರತ್ಕಲ್‌ನಲ್ಲಿ ಬೆಳೆದವಳಲ್ವಾ? ನಿಂಗೂ ಗೊತ್ತಾಗ್ಲಿಲ್ವಾ?"

ಚರಿಷ್ಮಾ ಅನ್ನವನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸಿದಳು, ಮತ್ತೆ ನಡುವಿಗೆ ತಂದಳು. "ಗೊತ್ತಾಗಿತ್ತು ಅತ್ತೆ," ಎಂದಳು ಕೊನೆಗೆ. "ನಿಮ್ಮ ಮುಖ ನೋಡಿದ ಕೂಡ್ಲೇ ಗೊತ್ತಾಯ್ತು. ನೀವೂ ಬಂದ್ರೆ ಕುಶಲನನ್ನು ಯಾರು ನೋಡುದು ಅಂತ... ಸುಮ್ಮನಾದೆ."

ಇಷ್ಟು ವರ್ಷ ತನ್ನ ಭಾಷೆ ಯಾರಿಗೂ ಅರ್ಥವಾಗುವುದಿಲ್ಲ ಎಂದು ನೀಲಾವತಿ ಕುದಿದಿದ್ದಳು. ಅರ್ಥವಾಗಿತ್ತು. ಅರ್ಥವಾಗದವರ ಹಾಗೆ ಇರುವುದು ಅವರಿಗೆ ಅನುಕೂಲವಾಗಿತ್ತು, ಅಷ್ಟೇ. ಮಳೆಯಲ್ಲಿ ಬಸ್ಸಿಗೆ ಕಾದ ಬೆಳಗುಗಳೆಲ್ಲ ಒಟ್ಟಿಗೆ ಅವಳಿಗೆ ನೆನಪಾದವು. ಸೊಸೆಯಾದರೂ ಬಾಯಿಬಿಟ್ಟು ಒಪ್ಪಿಕೊಂಡಳು. ಪಕ್ಕದಲ್ಲಿ ಕೂತ ಮಹಾನುಭಾವರು ಅನ್ನಕ್ಕೆ ಸಾರು ಕಲಸುತ್ತಿದ್ದರು.

ವಿಖ್ಯಾತ್ ತಾಯಿಯ ಕಡೆ ತಿರುಗಿದ. "ಸಾರಿ ಅಮ್ಮ. ನಿಜವಾಗ್ಲೂ ಸಾರಿ. ಆದ್ರೆ ನಾಳೆದು ಟಿಕೆಟ್ ಆಗಿಬಿಟ್ಟಿದೆ. ನಿನ್ನ ಲೆಸನ್ ನಾಡಿದ್ದಿಗೆ ಹಾಕ್ಲಿಕ್ಕೆ ಆಗುದಾ?"

"ಇಲ್ಲ," ಎಂದಳು ನೀಲಾವತಿ.

ವಿಖ್ಯಾತ್ ಈಗಷ್ಟೇ ಪಾಠ ಕಲಿತವನು. ತಾಯಿಯ ಮುಖವನ್ನೇ ನೋಡಿ ಜಾಗ್ರತೆಯಿಂದ ಎರಡನೆಯ ಸಲ ಕೇಳಿದ: "ನಿಜವಾಗ್ಲೂ ಇಲ್ವಾ ಅಮ್ಮ?"

"ನಿಜವಾಗ್ಲೂ ಇಲ್ಲ," ಎಂದಳು. ಹಾಗೆ ಹೇಳುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ.

ಆಗ ಭುಜಂಗರು ತಟ್ಟೆಯಿಂದ ತಲೆಯೆತ್ತಿದರು. ಮಗನ ಮುಖ, ಸೊಸೆಯ ಮುಖ ನೋಡಿ, ದೊಡ್ಡ ಮನಸ್ಸಿನವರು ಮಾತಾಡುವ ಧಾಟಿಯಲ್ಲಿ, "ಹೋಗ್ಲಿ ಬಿಡಿ, ಜಗಳ ಎಂತಕ್ಕೆ? ನಾನೇ ಇರ್ತೇನೆ ಮಗುವಿನ ಹತ್ರ," ಎಂದರು.

ಹೀಗೆ ಒಬ್ಬರು ಹೇಳಿದರೆ ಉಳಿದವರು ಏನು ಹೇಳಬೇಕೆಂದು ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಕಲಿಸಬೇಕಾಗಿಲ್ಲ. ಛೆ ಛೆ, ನೀವೆಂತಕ್ಕೆ, ನೀವು ಹೋಗಿ ಎನ್ನಬೇಕು. ಆಗ ಹೇಳಿದವರಿಗೆ ಹೇಳಿದ ಪುಣ್ಯವೂ ದಕ್ಕುತ್ತದೆ, ಕೆಲಸವೂ ತಪ್ಪುತ್ತದೆ. ಭುಜಂಗರು ಆ ಮಾತಿಗೆ ಕಾಯುತ್ತಾ ಉಪ್ಪಿನಕಾಯಿಯ ಬಾಟಲಿಗೆ ಕೈ ಚಾಚಿದರು. ಚರಿಷ್ಮಾ ಅತ್ತೆಯ ಮುಖ ನೋಡಿದಳು. ಅವಳ ಬಾಯಿ ಅರ್ಧ ತೆರೆದಿತ್ತು, ಅಲ್ಲಿಗೇ ಮುಚ್ಚಿಕೊಂಡಳು.

"ಆಯ್ತು," ಎಂದಳು ನೀಲಾವತಿ.

ಉಪ್ಪಿನಕಾಯಿಯ ಚಮಚ ಬಾಟಲಿಯ ಬಾಯಲ್ಲೇ ನಿಂತಿತು. "ಅಲ್ಲ, ಮಾರಾಯ್ತಿ," ಎಂದರು ಭುಜಂಗರು, "ನಾನು ಹೇಳಿದ್ದು ಎಂತಂದ್ರೆ..."

"ಕೇಳಿಸ್ತು," ಎಂದಳು ನೀಲಾವತಿ. "ನೀವು ಒಂದು ಸಲ ಹೇಳಿದ್ರೆ ನಂಗೆ ಸಾಕು."